ಕಷ್ಟ ತೀರದೇ ಇದ್ದಾಗ "ದೇವರು ನಂಬಿಗಸ್ತನು" ಅನ್ನುವ ಮಾತನ್ನು ಹಿಡಿದುಕೊಳ್ಳುವುದು ಹೇಗೆ?

ಬೆಳಗಿನ_ಮನ್ನಾ

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ಸತ್ಯವೇದದ (ಬೈಬಲಿನ) ಪ್ರಲಾಪಗಳು 3:22-23, ಅಂದರೆ 3ನೇ ಅಧ್ಯಾಯದ 22-23ನೇ ವಚನ, ಗೋಡೆಯ ಮೇಲೆ, ಕ್ಯಾಲೆಂಡರಿನಲ್ಲಿ, ವಾಟ್ಸಾಪಿನಲ್ಲಿ ಎಲ್ಲೆಲ್ಲೂ ಕಾಣುವ ವಚನ. ಆತನ ಕರುಣೆ ಪ್ರತಿ ಬೆಳಗೂ ಹೊಸದು, ಆತನ ನಂಬಿಗಸ್ತಿಕೆ ದೊಡ್ಡದು. ಆದರೆ ಕಾಯಿಲೆ ವಾಸಿಯಾಗದೆ, ಸಾಲ ತೀರದೆ, ಪ್ರಾರ್ಥನೆಗೆ ಉತ್ತರ ಬಾರದೆ ವರ್ಷಗಳು ಉರುಳಿದರೆ ಅದೇ ವಚನ ನಾಲಿಗೆಯ ಮೇಲೆಯೇ ಉಳಿಯುತ್ತದೆ, ಎದೆಗೆ ಇಳಿಯುವುದಿಲ್ಲ. "ನಂಬಿ" ಅಂತ ಎಲ್ಲರೂ ಹೇಳುತ್ತಾರೆ. ನಂಬುವುದು ಅಂದರೆ ಬೆಳಗ್ಗೆ ಎದ್ದು ಏನು ಮಾಡುವುದು? ರಾತ್ರಿ ನಿದ್ದೆ ಬಾರದಾಗ ಏನು ಮಾಡುವುದು? ತಿಳಿದವರು ಬಿಡಿಸಿ ಹೇಳಿ. ಸಾಕ್ಷಿಗಳನ್ನು ಹಂಚಿಕೊಳ್ಳಲು ಬೇರೆ ಜಾಗ ಇದೆ. ಇಲ್ಲಿ ವಾಕ್ಯ ಏನು ಹೇಳುತ್ತದೆ, ಅಭ್ಯಾಸ ಹೇಗೆ ಅನ್ನುವುದಷ್ಟೇ ಇರಲಿ.

ಅಲೆಫ್‌ಬೇತ್

ಮನ್ನಾ ಅವರೇ, ನೀವು ಕೊಟ್ಟ ವಚನದಿಂದಲೇ ಶುರು ಮಾಡೋಣ. ಆ ವಚನ ಎಲ್ಲಿ ಕೂತಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ.

ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನ ಸೈನ್ಯ ಯೆರೂಸಲೇಮನ್ನೂ ದೇವಾಲಯವನ್ನೂ ಸುಟ್ಟಿತು. ಪ್ರಲಾಪಗಳು ಆ ಬೂದಿಯ ಮೇಲೆ ಕೂತು ಅತ್ತ ಅಳು. ಐದು ಅಧ್ಯಾಯ. ಹೀಬ್ರೂ ಅಕ್ಷರಮಾಲೆಯಲ್ಲಿ 22 ಅಕ್ಷರ. 1, 2 ಮತ್ತು 4ನೇ ಅಧ್ಯಾಯಗಳಲ್ಲಿ ಅಕ್ಷರಕ್ಕೊಂದು ವಚನದಂತೆ 22 ವಚನ. ನಡುವಿನ 3ನೇ ಅಧ್ಯಾಯದಲ್ಲಿ ಅಕ್ಷರಕ್ಕೆ ಮೂರರಂತೆ 66. ಕೊನೆಯ ಅಧ್ಯಾಯದಲ್ಲೂ 22 ವಚನ ಇವೆ, ಆದರೆ ಅಲ್ಲಿ ಅಕ್ಷರ ಕ್ರಮ ಬಿದ್ದುಹೋಗಿದೆ. ದುಃಖವನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ, ಒಂದನ್ನೂ ಬಿಡದೆ ಹೇಳಿದ ಕವಿ ಇವನು.

3:22, 23, 24 ಮೂರೂ "ಹೇತ್" ಎಂಬ ಎಂಟನೇ ಅಕ್ಷರದಿಂದ ಆರಂಭವಾಗುತ್ತವೆ. ಅಂದರೆ ಆ ಸಾಂತ್ವನ ತನ್ನ ಸರದಿ ಬಂದಾಗ ಬಂದಿದೆ. ಅದಕ್ಕೂ ಮೊದಲು ಏನೇನು ಇದೆ ನೋಡಿ: ನನ್ನನ್ನು ಕತ್ತಲೆಗೆ ನಡೆಸಿದ್ದಾನೆ (3:2), ಕೂಗಿದರೂ ನನ್ನ ಪ್ರಾರ್ಥನೆಗೆ ಬಾಗಿಲು ಹಾಕಿದ್ದಾನೆ (3:8), ಕಲ್ಲುಹರಳಿನಿಂದ ನನ್ನ ಹಲ್ಲು ಮುರಿದಿದ್ದಾನೆ (3:16), ಯೆಹೋವನಲ್ಲಿದ್ದ ನನ್ನ ನಿರೀಕ್ಷೆ ಸತ್ತುಹೋಯಿತು (3:18). ಮೂರೇ ವಚನ ದಾಟಿದರೆ 3:21ರಲ್ಲಿ "ಇದನ್ನು ಮನಸ್ಸಿಗೆ ತಂದುಕೊಳ್ಳುತ್ತೇನೆ, ಆದ್ದರಿಂದ ನಿರೀಕ್ಷಿಸುತ್ತೇನೆ" ಅನ್ನುತ್ತಾನೆ. 18ರಲ್ಲಿ ಸತ್ತ ನಿರೀಕ್ಷೆಗೂ 21ರ "ನಿರೀಕ್ಷಿಸುತ್ತೇನೆ" ಅನ್ನುವುದಕ್ಕೂ ಹೀಬ್ರೂವಿನಲ್ಲಿ ಧಾತು ಒಂದೇ. ಈ ನಡುವೆ ಊರು ಮತ್ತೆ ಕಟ್ಟಲಿಲ್ಲ, ಶತ್ರು ಹಿಂದೆ ಸರಿಯಲಿಲ್ಲ. ಅವನು ಒಂದು ವಿಷಯವನ್ನು ಮನಸ್ಸಿಗೆ ತಂದುಕೊಂಡ, ಅಷ್ಟೇ.

ಇನ್ನೊಂದು ಮಾತು. ಆ ವಚನವಾದ ಮೇಲೂ ಅಳು ಮುಂದುವರಿಯುತ್ತದೆ, 4ನೇ ಅಧ್ಯಾಯ ಇನ್ನೂ ಘೋರ. ಪುಸ್ತಕ ಮುಗಿಯುವುದು "ನಮ್ಮನ್ನು ಪೂರ್ತಿ ತಳ್ಳಿಬಿಟ್ಟೆಯಾ" ಎಂಬ ಧ್ವನಿಯಲ್ಲಿ (5:22). ಆದ್ದರಿಂದ ಆ ವಚನ ಹೇಳಿದ ಮೇಲೂ ಕಣ್ಣೀರು ನಿಲ್ಲಲಿಲ್ಲ ಅಂದರೆ ನಿಮ್ಮ ನಂಬಿಕೆಯಲ್ಲಿ ಏನೋ ತಪ್ಪಿದೆ ಅಂತಲ್ಲ. ಅದನ್ನು ಬರೆದವನಿಗೂ ನಿಲ್ಲಲಿಲ್ಲ.

ಕಲ್ಲುಗುಪ್ಪೆ

ಅಲೆಫ್ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಅಲ್ಲಿ "ನಂಬಿಗಸ್ತಿಕೆ" ಎಂಬುದಕ್ಕೆ ಹೀಬ್ರೂ ಪದ "ಎಮೂನಾ". "ಆಮೆನ್" ಕೂಡ ಅದೇ ಬೇರಿನದು. ಸತ್ಯವೇದದಲ್ಲಿ ಈ ಪದ ಮೊದಲು ಬರುವುದು ಆರಾಧನೆಯಲ್ಲಲ್ಲ, ಯುದ್ಧದ ಬೆಟ್ಟದ ಮೇಲೆ. ವಿಮೋಚನಕಾಂಡ 17:12. ಅಮಾಲೇಕ್ಯರ ಜೊತೆ ಕಾಳಗ. ಮೋಶೆ ಕೈ ಎತ್ತಿದ್ದಷ್ಟು ಹೊತ್ತು ಇಸ್ರಾಯೇಲ್ಯರ ಕೈ ಮೇಲು. ಆದರೆ ಅವನ ಕೈ ಸೋಲುತ್ತದೆ, ಇಳಿಯುತ್ತದೆ. ಕೂರಲು ಕಲ್ಲು ತಂದಿಡುತ್ತಾರೆ. ಆರೋನ ಒಂದು ಕಡೆ, ಹೂರ ಇನ್ನೊಂದು ಕಡೆ ನಿಂತು ಕೈಗೆ ಆಸರೆ ಕೊಡುತ್ತಾರೆ. ಹೊತ್ತು ಮುಳುಗುವ ತನಕ ಅವನ ಕೈಗಳು "ಎಮೂನಾ" ಆಗಿದ್ದವು, ಅಂದರೆ ಕದಲದೆ ನಿಂತವು.

ಪದದ ಒಳಗೇ ಇರುವ ಚಿತ್ರ ಇದು: ಅಲುಗಾಡದಿರುವುದು, ಭಾರ ಹಾಕಿದರೆ ಕುಸಿಯದಿರುವುದು. ದೇವರು ನಂಬಿಗಸ್ತನು ಅಂದರೆ ಆತನ ಮೇಲೆ ಭಾರ ಹಾಕಬಹುದು ಅಂತ. ನಮ್ಮ ಕೈಗಳಾದರೋ ಯಾರಾದರೂ ಹಿಡಿದುಕೊಂಡರೆ ಮಾತ್ರ ಸಂಜೆಯವರೆಗೆ ನಿಲ್ಲುತ್ತವೆ. ಒಬ್ಬರೇ ಕೂತು "ಇನ್ನೂ ಗಟ್ಟಿಯಾಗಿ ನಂಬಬೇಕು" ಅಂತ ಹಲ್ಲು ಕಚ್ಚುವುದು ಈ ಚಿತ್ರದಲ್ಲಿ ಇಲ್ಲವೇ ಇಲ್ಲ.

ಸಂಜೆ_ಪ್ರಾರ್ಥನೆ

ಅಭ್ಯಾಸದ ಬಗ್ಗೆ ಕೇಳಿದ್ದೀರಿ. ಕಷ್ಟಕಾಲಕ್ಕೆ ಸತ್ಯವೇದ ಕೊಟ್ಟಿರುವ ಮುಖ್ಯ ಸಾಧನ ಮೊರೆಯ ಕೀರ್ತನೆ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಮೊರೆಗಳೇ. ಆದರೂ ಆರಾಧನೆಯಲ್ಲಿ ನಾವು ಸ್ತುತಿಯ ಕೀರ್ತನೆಗಳನ್ನೇ ಆರಿಸಿಕೊಳ್ಳುತ್ತೇವೆ. ಕಷ್ಟ ಬಂದಾಗ ಬಾಯಿಗೆ ಪದ ಸಿಗದಿರುವುದಕ್ಕೆ ಇದೂ ಒಂದು ಕಾರಣ.

13ನೇ ಕೀರ್ತನೆಯಿಂದ ಕಲಿಯಿರಿ. ಬರೀ ಆರು ವಚನ.

1-2: ದೂರು. "ಎಷ್ಟರ ವರೆಗೆ" ಅಂತ ನಾಲ್ಕು ಸಲ ಕೇಳುತ್ತಾನೆ. ಮೊದಲೆರಡು ದೇವರ ಬಗ್ಗೆ (ಮರೆತಿದ್ದೀಯಾ, ಮುಖ ಮರೆಮಾಡಿದ್ದೀಯಾ), ಮೂರನೆಯದು ತನ್ನ ಮನಸ್ಸಿನ ಬಗ್ಗೆ, ನಾಲ್ಕನೆಯದು ಶತ್ರುವಿನ ಬಗ್ಗೆ.

3-4: ಕೋರಿಕೆ, ಅದಕ್ಕೆ ಕಾರಣ. "ನನ್ನ ಕಣ್ಣು ಬೆಳಗಿಸು, ಇಲ್ಲದಿದ್ದರೆ ಸತ್ತೇನು" ಅಂತ ವಾದ ಮಾಡುತ್ತಾನೆ.

5-6: "ನಾನಂತೂ ನಿನ್ನ ಕೃಪೆಯಲ್ಲಿ ಭರವಸವಿಟ್ಟಿದ್ದೇನೆ." ಇಲ್ಲಿ "ಕೃಪೆ" ಅಂದರೆ "ಹೆಸೆದ್", ಒಡಂಬಡಿಕೆಗೆ ಬದ್ಧವಾದ, ಬಿಟ್ಟುಕೊಡದ ಪ್ರೀತಿ. ಹಳೆಯ ಒಡಂಬಡಿಕೆಯಲ್ಲಿ ಈ ಪದ ಸುಮಾರು 250 ಸಲ ಬರುತ್ತದೆ, ಅದರಲ್ಲಿ ಅರ್ಧದಷ್ಟು ಕೀರ್ತನೆಗಳಲ್ಲೇ.

ಮಾಡುವ ವಿಧಾನ: ಒಂದು ಹಾಳೆ, 15 ನಿಮಿಷ. ಮೊದಲು ದೇವರನ್ನು ಹೆಸರು ಹಿಡಿದು ಕರೆಯಿರಿ, ಒಂದು ಸಾಲು ಸಾಕು. ಆಮೇಲೆ "ಎಷ್ಟರ ವರೆಗೆ" ಅಂತ ಶುರುವಾಗುವ ನಾಲ್ಕು ಸಾಲು ಬರೆಯಿರಿ. "ನನ್ನ ಕಷ್ಟ ನೀಗಿಸು" ಅಂತ ತೇಲಿಸಿ ಬರೆಯಬೇಡಿ. ಯಾವ ವರದಿ, ಯಾವ ಕಂತು, ಯಾರ ಮೌನ ಅನ್ನುವುದನ್ನು ಹೆಸರಿಸಿ. ನಂತರ ಒಂದೇ ಕೋರಿಕೆ, ಯಾಕೆ ಅನ್ನುವ ಕಾರಣದೊಂದಿಗೆ. ಕೊನೆಗೆ "ನಾನಂತೂ" ಅಂತ ಶುರುವಾಗುವ ಒಂದು ಸಾಲು. ಬರೆದಾದ ಮೇಲೆ ಗಟ್ಟಿಯಾಗಿ ಓದಿ.

ಎಡವುವುದು ಎರಡು ಕಡೆ. ಕೆಲವರು ದೂರನ್ನು ಬಿಟ್ಟು ನೇರ ಐದನೇ ವಚನಕ್ಕೆ ಹಾರುತ್ತಾರೆ. ಆಗ ಭರವಸೆಯ ಮಾತು ಒಣ ಮಾತಾಗುತ್ತದೆ, ಯಾಕೆಂದರೆ ಯಾವ ಭಾರಕ್ಕೆ ಅದು ಆಸರೆಯೋ ಆ ಭಾರವನ್ನೇ ಹೇಳಿಲ್ಲ. ಇನ್ನು ಕೆಲವರಿಗೆ "ನಾನಂತೂ" ಬರೆಯಲು ಆಗುವುದೇ ಇಲ್ಲ. ಆಗ ಸುಳ್ಳು ಬರೆಯಬೇಡಿ. 88ನೇ ಕೀರ್ತನೆಯಲ್ಲಿ ಆ ಭಾಗವೇ ಇಲ್ಲ, ಹೀಬ್ರೂವಿನಲ್ಲಿ ಅದರ ಕೊನೆಯ ಪದ "ಕತ್ತಲೆ". ಅದೂ ಪ್ರಾರ್ಥನೆಯೇ. ಅದನ್ನೂ ದೇವರು ತನ್ನ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾನೆ.

ಹೊಸ_ಸದಸ್ಯ

ಅಕ್ಕ, ಒಂದು ಸಂದೇಹ. ದೇವರಿಗೆ ಹೀಗೆಲ್ಲ ದೂರು ಹೇಳುವುದು ಗೊಣಗಿದಂತೆ ಆಗುವುದಿಲ್ಲವೇ? ಅರಣ್ಯದಲ್ಲಿ ಗೊಣಗಿದ ಇಸ್ರಾಯೇಲ್ಯರ ಮೇಲೆ ದೇವರ ಕೋಪ ಬಂತಲ್ಲ?

ಸಂಜೆ_ಪ್ರಾರ್ಥನೆ

ಒಳ್ಳೆಯ ಪ್ರಶ್ನೆ ತಮ್ಮಾ. ಧರ್ಮೋಪದೇಶಕಾಂಡ 1:27 ತೆಗೆದು ನೋಡಿ. ಅವರು ಗೊಣಗಿದ್ದು ತಮ್ಮ ತಮ್ಮ ಗುಡಾರಗಳಲ್ಲಿ, "ಯೆಹೋವನು ನಮ್ಮನ್ನು ದ್ವೇಷಿಸುತ್ತಾನೆ" ಅಂತ. 106:25ನೇ ಕೀರ್ತನೆಯೂ ಅದನ್ನೇ ಹೇಳುತ್ತದೆ. ಗೊಣಗಾಟದಲ್ಲಿ ದೇವರ ಬಗ್ಗೆ ಬೇರೆಯವರ ಹತ್ತಿರ ಮಾತಾಡುತ್ತೇವೆ, ತೀರ್ಪನ್ನೂ ಕೊಟ್ಟುಬಿಡುತ್ತೇವೆ. ಮೊರೆಯಲ್ಲಿ ದೇವರ ಹತ್ತಿರವೇ ಮಾತಾಡುತ್ತೇವೆ, ಪ್ರಶ್ನೆ ಇಟ್ಟು ಉತ್ತರಕ್ಕೆ ಕಾಯುತ್ತೇವೆ. ಒಂದು ವಾಕ್ಯ ಯಾವ ಕಡೆಯದು ಅಂತ ತಿಳಿಯಬೇಕಾದರೆ, ಅದರಲ್ಲಿ "ಅವನು" ಇದೆಯೋ "ನೀನು" ಇದೆಯೋ ನೋಡಿ. "ಅವನು ನನ್ನನ್ನು ಮರೆತಿದ್ದಾನೆ" ಅನ್ನುವುದನ್ನು "ನೀನು ನನ್ನನ್ನು ಮರೆತೆಯಾ" ಅಂತ ತಿರುಗಿಸಿ. ಶಿಲುಬೆಯ ಮೇಲೆ ಯೇಸು ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲು (ಮಾರ್ಕ 15:34). "ನನ್ನ ದೇವರೇ" ಅಂತ ಎರಡು ಸಲ ಕರೆದೇ "ಯಾಕೆ" ಅಂತ ಕೇಳಿದನು.

ಜಯದ_ಹಾದಿ

ಮೊರೆ ಸರಿ, ಆದರೆ ವಾಗ್ದಾನಗಳನ್ನು ಹಿಡಿದುಕೊಳ್ಳುವುದನ್ನೂ ಹೇಳಬೇಕಲ್ಲವೇ? ಯೆರೆಮೀಯ 29:11, 1 ಕೊರಿಂಥ 10:13, ಫಿಲಿಪ್ಪಿ 4:13, ರೋಮಾ 8:28. ಈ ನಾಲ್ಕನ್ನು ಬರೆದು ಕಣ್ಣಿಗೆ ಬೀಳುವ ಕಡೆ ಅಂಟಿಸಿ, ದಿನವೂ ಬಾಯಲ್ಲಿ ಹೇಳಿ. ನಂಬಿಕೆ ಕೇಳುವುದರಿಂದ ಬರುತ್ತದೆ.

ಅಲೆಫ್‌ಬೇತ್

ಬ್ರದರ್, ಅಂಟಿಸಿ, ಖಂಡಿತ ಅಂಟಿಸಿ. ಆದರೆ ಜೊತೆಗೆ ಹಿಂದಿನ ಮುಂದಿನ ವಚನವನ್ನೂ ಬರೆದು ಅಂಟಿಸಿ. ದೇವರು ಕೊಡದ ಮಾತನ್ನು ಕೊಟ್ಟಿದ್ದಾನೆ ಅಂದುಕೊಂಡರೆ, ಅದು ನೆರವೇರದಿದ್ದಾಗ "ದೇವರು ಮಾತು ತಪ್ಪಿದ" ಅಂತ ಜನ ಸಭೆ ಬಿಟ್ಟು ಹೋಗುತ್ತಾರೆ. ಇದು ಸಣ್ಣ ವಿಷಯವಲ್ಲ.

ಯೆರೆಮೀಯ 29:11 ಬಾಬಿಲೋನಿಗೆ ಸೆರೆಹೋದವರಿಗೆ ಬರೆದ ಪತ್ರದ ಸಾಲು. ಅದರ ಹಿಂದಿನ ವಚನದಲ್ಲಿ 70 ವರ್ಷ ಅಂತಿದೆ. ಪತ್ರ ಕೇಳಿದ ಎಷ್ಟೋ ಜನ ಹಿಂತಿರುಗಿ ಹೋಗುವುದಿಲ್ಲ ಅಂತ ಅರ್ಥ. ಅವರಿಗೆ ಕೊಟ್ಟ ಕೆಲಸ 29:5-7ರಲ್ಲಿದೆ: ಮನೆ ಕಟ್ಟಿ, ತೋಟ ಹಾಕಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಇದಕ್ಕೆ ಮುಂಚಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ "ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ" ಅಂದಿದ್ದ (28:3). ಜನಕ್ಕೆ ಇಷ್ಟವಾಗುವ ಮಾತು, ಸುಳ್ಳು ಮಾತು. ನಿಮ್ಮ ಕಷ್ಟಕ್ಕೆ ಯಾರಾದರೂ ತಾರೀಖು ಕೊಟ್ಟರೆ ಹನನ್ಯನನ್ನು ನೆನಪಿಸಿಕೊಳ್ಳಿ.

1 ಕೊರಿಂಥ 10:13 "ದೇವರು ನಂಬಿಗಸ್ತನು" ಅಂತ ಹೇಳುವುದು ಶೋಧನೆಯ ವಿಷಯದಲ್ಲಿ. ಸುತ್ತಲಿನ ಮಾತು ವಿಗ್ರಹಾರಾಧನೆ, ಪಾಪದ ಸೆಳೆತ. ಅಲ್ಲಿ ದೇವರು ತಪ್ಪಿಸಿಕೊಳ್ಳುವ ದಾರಿಯನ್ನು ಕೊಡುತ್ತಾನೆ ಅಂತ ಅಪೊಸ್ತಲ ಪೌಲ ಬರೆಯುತ್ತಾನೆ. ಇದನ್ನು ಎಳೆದು "ಹೊರಲಾರದ ಕಷ್ಟ ದೇವರು ಕೊಡುವುದೇ ಇಲ್ಲ" ಅಂತ ಹೇಳುತ್ತೇವೆ. ಅದೇ ಪೌಲ ಅದೇ ಸಭೆಗೆ 2 ಕೊರಿಂಥ 1:8ರಲ್ಲಿ, ನಮ್ಮ ಶಕ್ತಿಗೆ ಮೀರಿದ ಭಾರ ಬಿತ್ತು, ಬದುಕುವ ಆಸೆಯನ್ನೇ ಬಿಟ್ಟೆವು ಅಂತ ಬರೆಯುತ್ತಾನೆ. ಮುಂದಿನ ವಚನದಲ್ಲಿ ಕಾರಣ ಇದೆ: ನಮ್ಮ ಮೇಲೆ ಅಲ್ಲ, ಸತ್ತವರನ್ನು ಎಬ್ಬಿಸುವ ದೇವರ ಮೇಲೆ ಭರವಸವಿಡುವುದಕ್ಕೆ. ಹೊರಲಾರದ ಭಾರ ಬರುತ್ತದೆ. ನೊಂದವರ ಮುಂದೆ "ಬರುವುದಿಲ್ಲ" ಅನ್ನಬೇಡಿ.

ಫಿಲಿಪ್ಪಿ 4:13ರ "ಎಲ್ಲವನ್ನೂ ಮಾಡಬಲ್ಲೆ" ಅನ್ನುವುದು ಹಸಿವು, ಕೊರತೆಗಳನ್ನು ಸಹಿಸುವ ಬಗ್ಗೆ. 11 ಮತ್ತು 12ನೇ ವಚನ ಓದಿದರೆ ತಿಳಿಯುತ್ತದೆ. ರೋಮಾ 8:28ರ "ಒಳ್ಳೆಯದು" ಏನು ಅಂತ 29ನೇ ವಚನವೇ ಹೇಳುತ್ತದೆ: ದೇವರ ಮಗನಾದ ಯೇಸುವಿನ ಸಾರೂಪ್ಯ, ಅಂದರೆ ಆತನಂತೆ ಆಗುವುದು. ನಾವು ಅಂದುಕೊಂಡ ಒಳ್ಳೆಯದೇ ಆಗಬೇಕೆಂದಿಲ್ಲ.

ಹಾಗಾದರೆ ಗಟ್ಟಿಯಾಗಿ ಹಿಡಿದುಕೊಳ್ಳಬಹುದಾದದ್ದು ಏನು? ಆತನು ಕೈಬಿಡುವುದಿಲ್ಲ (ಇಬ್ರಿಯ 13:5). ಯಾವುದೂ ಆತನ ಪ್ರೀತಿಯಿಂದ ಅಗಲಿಸದು. ರೋಮಾ 8:35ರ ಪಟ್ಟಿಯಲ್ಲಿ ಹಸಿವೂ ಕತ್ತಿಯೂ ಇವೆ, ಅವು ಬರುವುದಿಲ್ಲ ಅಂತ ಪೌಲ ಹೇಳಲೇ ಇಲ್ಲ. ನಾವು ನಂಬಿಗಸ್ತರಲ್ಲದಿದ್ದರೂ ಆತನು ನಂಬಿಗಸ್ತನಾಗಿಯೇ ಇರುತ್ತಾನೆ (2 ತಿಮೊಥೆ 2:13). ಅರಸನ ಪ್ರತಿಮೆಗೆ ಅಡ್ಡಬೀಳದ್ದಕ್ಕೆ ಬೆಂಕಿಯ ಕುಲುಮೆಯ ಮುಂದೆ ನಿಂತ ಮೂವರೂ ಇದನ್ನೇ ತಿಳಿದಿದ್ದರು: ಬಿಡಿಸಲು ಶಕ್ತನು, "ಬಿಡಿಸದಿದ್ದರೂ" ನಿನ್ನ ಪ್ರತಿಮೆಗೆ ಅಡ್ಡಬೀಳೆವು (ದಾನಿಯೇಲ 3:17-18).

ಜಯದ_ಹಾದಿ

ಹನನ್ಯನ ವಿಷಯ ಗಮನಿಸಿರಲಿಲ್ಲ. 29:5ರಿಂದ 11ರವರೆಗೆ ಒಟ್ಟಿಗೆ ಬರೆದು ಇಡುತ್ತೇನೆ.

ಒಲೀವ_ನೆರಳು

ದೇಹವನ್ನು ಮರೆಯಬೇಡಿ ಅಂತ ನನ್ನ ಕೋರಿಕೆ. 1 ಅರಸು 19ರಲ್ಲಿ ಪ್ರವಾದಿ ಎಲೀಯ "ಸಾಕು, ನನ್ನ ಪ್ರಾಣ ತೆಗೆ" ಅಂತ ಜಾಲಿಗಿಡದ ಕೆಳಗೆ ಮಲಗಿದ. ದೂತನು ಬಂದು ಬೋಧನೆ ಮಾಡಲಿಲ್ಲ. ಮುಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ತೋರಿಸಿದನು. ಎಲೀಯ ತಿಂದ, ಮತ್ತೆ ಮಲಗಿದ. ಎರಡನೇ ಸಲವೂ ಊಟ. "ಇಲ್ಲಿ ನಿನಗೇನು ಕೆಲಸ" ಎಂಬ ಪ್ರಶ್ನೆ ಬಂದದ್ದು 40 ದಿನ ನಡೆದ ಮೇಲೆ, ಹೋರೇಬಿನಲ್ಲಿ. ಮೊದಲು ನಿದ್ದೆ, ಅನ್ನ, ನೀರು. ಪ್ರಶ್ನೆಗಳು ಆಮೇಲೆ.

ಔಷಧಿ ತೆಗೆದುಕೊಂಡರೆ ನಂಬಿಕೆ ಕಡಿಮೆ ಅನ್ನುವವರಿಗೆ: ಕಾಯಿಲೆ ಬಿದ್ದ ಅರಸ ಹಿಜ್ಕೀಯನಿಗೆ "ಗುಣಪಡಿಸುತ್ತೇನೆ, 15 ವರ್ಷ ಆಯುಷ್ಯ ಕೂಡಿಸುತ್ತೇನೆ" ಅಂತ ಮಾತು ಸಿಕ್ಕ ಮೇಲೂ ಪ್ರವಾದಿ ಯೆಶಾಯ ಹುಣ್ಣಿಗೆ ಅಂಜೂರದ ಉಂಡೆ ಹಚ್ಚಿಸಿದ (2 ಅರಸು 20:5-7). ಪೌಲ ತಿಮೊಥೆಯನ ಹೊಟ್ಟೆನೋವಿಗೆ ಮದ್ದು ಹೇಳಿದ, ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತ ಊರಿನಲ್ಲಿ ಬಿಟ್ಟು ಬಂದ (2 ತಿಮೊಥೆ 4:20). ಸಾಕ್ಷಿ ಹೇಳುವ ಹುಮ್ಮಸ್ಸಿನಲ್ಲಿ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ, ಮನಸ್ಸಿನ ಕಾಯಿಲೆಯ ಮಾತ್ರೆಗಳನ್ನಂತೂ ನಿಲ್ಲಿಸಲೇಬೇಡಿ. ಥಟ್ಟನೆ ಬಿಟ್ಟರೆ ಕಾಯಿಲೆ ಮರುಕಳಿಸಬಹುದು. ಆಗ ಜನ ಅದನ್ನು ನಂಬಿಕೆಯ ಸೋಲು ಅಂದುಕೊಂಡು ಇನ್ನೂ ಕುಗ್ಗುತ್ತಾರೆ. ಸಾಯುವ ಯೋಚನೆ ಬರುತ್ತಿದ್ದರೆ ಅದನ್ನು ಪ್ರಾರ್ಥನಾ ವಿನಂತಿಯಾಗಿ ಮಾತ್ರ ಬಿಡಬೇಡಿ. ಆ ದಿನವೇ ಒಬ್ಬರಿಗೆ ಹೇಳಿ, ಅವರನ್ನು ಜೊತೆಗಿಟ್ಟುಕೊಂಡು ವೈದ್ಯರ ಹತ್ತಿರ ಹೋಗಿ.

16ನೇ ಶತಮಾನದ ಕ್ರೈಸ್ತ ಗುರು ಇಗ್ನೇಷಿಯಸ್ ಲೊಯೋಲರ ಒಂದು ಬೋಧನೆಯೂ ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ: ಆತ್ಮ ಒಣಗಿ ಕತ್ತಲೆಯಲ್ಲಿರುವಾಗ ಹಿಂದೆ ಮಾಡಿದ ಒಳ್ಳೆಯ ನಿರ್ಧಾರವನ್ನು ಬದಲಿಸಬಾರದು. ಸಭೆ ಬಿಡುವುದು, ಸೇವೆ ಬಿಡುವುದು, ಮನೆಯವರ ಜೊತೆ ಮಾತು ಬಿಡುವುದು, ಇಂಥ ನಿರ್ಧಾರಗಳನ್ನು ಆ ದಿನಗಳಲ್ಲಿ ತೆಗೆದುಕೊಳ್ಳಬೇಡಿ.

ಬೆಳಗಿನ_ಮನ್ನಾ

ತುಂಬಾ ಕೃತಜ್ಞತೆಗಳು. 3:21ರ "ಮನಸ್ಸಿಗೆ ತಂದುಕೊಳ್ಳುತ್ತೇನೆ" ಅನ್ನುವುದನ್ನು ರೂಢಿ ಮಾಡಿಕೊಳ್ಳುವುದು ಹೇಗೆ? ಮತ್ತೆ ರಾತ್ರಿಯ ಚಿಂತೆಗೆ ಏನು ಮಾಡುವುದು?

ಕಲ್ಲುಗುಪ್ಪೆ

ನೆನಪಿಗೆ ಒಂದು ಗುರುತು ಬೇಕು. ಇಸ್ರಾಯೇಲ್ಯರು ಯೊರ್ದನ್ ದಾಟಿದಾಗ ನದಿಯ ನಡುವಿನಿಂದ 12 ಕಲ್ಲು ಹೊತ್ತು ತಂದು ನಿಲ್ಲಿಸಿದರು, ಮಕ್ಕಳು "ಈ ಕಲ್ಲು ಏನು" ಅಂತ ಕೇಳಲಿ ಅಂತ (ಯೆಹೋಶುವ 4). ಒಂದು ನೋಟ್‌ಬುಕ್ ಇಡಿ. ಮೂರು ಕಾಲಂ: ತಾರೀಖು, ಕೇಳಿದ್ದು, ಆಗಿದ್ದು. ಮೂರನೇ ಕಾಲಂನಲ್ಲಿ "ಆಯಿತು" ಮಾತ್ರವಲ್ಲ, "ಇಲ್ಲ", "ಇನ್ನೂ ಇಲ್ಲ", "ಬೇರೆ ರೀತಿ" ಅಂತಲೂ ಬರೆಯಿರಿ. ಪೌಲನೂ ತನ್ನನ್ನು ಕಾಡುತ್ತಿದ್ದ, ತಾನು "ಮುಳ್ಳು" ಅಂದ ಬಾಧೆಯನ್ನು ತೆಗೆ ಅಂತ ಮೂರು ಸಲ ಕೇಳಿ "ನನ್ನ ಕೃಪೆಯೇ ನಿನಗೆ ಸಾಕು" ಎಂಬ ಉತ್ತರ ಪಡೆದ (2 ಕೊರಿಂಥ 12:8-9). ಆದದ್ದನ್ನು ಮಾತ್ರ ಬರೆದರೆ ಅದು ಅಂಕಪಟ್ಟಿಯಾಗುತ್ತದೆ. ಬರಗಾಲದ ವರ್ಷ ಪುಟ ಖಾಲಿ ಉಳಿದಾಗ ಅದೇ ನೋಟ್‌ಬುಕ್ ನಿಮ್ಮ ಮೇಲೆ ದೂರು ಹೇಳುತ್ತದೆ.

ಅದಕ್ಕೇ ಸ್ವಂತ ನೆನಪೊಂದೇ ಸಾಲದು. 77ನೇ ಕೀರ್ತನೆಯವನು "ಆತನ ಕೃಪೆ ನಿಂತೇಹೋಯಿತೋ" ಅಂತ ನಿದ್ದೆಗೆಟ್ಟು ಕೇಳುತ್ತಾನೆ (8). ಆಮೇಲೆ ಅವನು ನೆನೆಯುವುದು ತನ್ನ ಬದುಕಿನ ಒಳ್ಳೆಯ ದಿನಗಳನ್ನಲ್ಲ, ದೇವರು ಇಸ್ರಾಯೇಲ್ಯರನ್ನು ಕೆಂಪು ಸಮುದ್ರ ದಾಟಿಸಿದ್ದನ್ನು. ತನಗಿಂತ ಎಷ್ಟೋ ತಲೆಮಾರು ಹಿಂದಿನದು. 19ನೇ ವಚನ ನೋಡಿ: ನಿನ್ನ ದಾರಿ ಸಮುದ್ರದಲ್ಲಿತ್ತು, ನಿನ್ನ ಹೆಜ್ಜೆಗುರುತು ಕಾಣಲಿಲ್ಲ. ದಾಟಿಸಿದವನ ಹೆಜ್ಜೆ ದಾಟಿದವರಿಗೂ ಕಾಣಲಿಲ್ಲ. ನಿಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಶಿಲುಬೆ, ಪುನರುತ್ಥಾನ ಇರಲಿ. ಉಳಿದ ಪುಟಗಳು ಖಾಲಿ ಇದ್ದರೂ ಆ ಪುಟ ಅಳಿಸಿಹೋಗುವುದಿಲ್ಲ.

ಸಂಜೆ_ಪ್ರಾರ್ಥನೆ

ರಾತ್ರಿಯ ಚಿಂತೆಗೆ 1 ಪೇತ್ರ 5:7. "ನಿಮ್ಮ ಚಿಂತೆಯನ್ನೆಲ್ಲಾ ಆತನ ಮೇಲೆ ಹಾಕಿರಿ." ಇಲ್ಲಿರುವ ಗ್ರೀಕ್ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ, ಲೂಕ 19:35ರಲ್ಲಿ: ಶಿಷ್ಯರು ತಮ್ಮ ಬಟ್ಟೆಗಳನ್ನು ಕತ್ತೆಮರಿಯ ಮೇಲೆ ಹಾಕಿದರು. ಮೈಮೇಲಿನ ಬಟ್ಟೆ ತೆಗೆದು ಇನ್ನೊಂದರ ಬೆನ್ನ ಮೇಲೆ ಹಾಕುವುದು. ಬಟ್ಟೆ ಮಾಯವಾಗುವುದಿಲ್ಲ, ಹೊರುವ ಬೆನ್ನು ಬದಲಾಗುತ್ತದೆ. ಇದು 6ನೇ ವಚನದ "ತಗ್ಗಿಸಿಕೊಳ್ಳಿ" ಅನ್ನುವುದಕ್ಕೆ ಅಂಟಿಕೊಂಡ ಮಾತು. ಎಲ್ಲವನ್ನೂ ನಾನೇ ಹೊರುತ್ತೇನೆ ಅನ್ನುವುದನ್ನು ಬಿಡುವುದೇ ಅಲ್ಲಿ ತಗ್ಗುವುದು.

ಮಲಗುವ ಮುಂಚೆ ಒಂದು ಚೀಟಿ. ಸಾಲಿಗೊಂದು ಚಿಂತೆ. ಪ್ರತಿಯೊಂದರ ಎದುರು "ನಾಳೆ ನಾನು ಮಾಡಬೇಕಾದ್ದು" ಅಥವಾ "ನನ್ನ ಕೈಯಲ್ಲಿಲ್ಲ" ಅಂತ ಬರೆಯಿರಿ. ಮೊದಲ ಬಗೆಯದಕ್ಕೆ ಹೊತ್ತು ಗೊತ್ತುಮಾಡಿ: ಹತ್ತು ಗಂಟೆಗೆ ಫೋನ್ ಮಾಡಬೇಕು, ಹೀಗೆ. ಎರಡನೇ ಬಗೆಯದನ್ನು ಒಂದೊಂದಾಗಿ ಬಾಯಿಬಿಟ್ಟು ಓದಿ, "ಇದು ನಿನ್ನ ಮೇಲೆ" ಅನ್ನಿ. ಮಧ್ಯರಾತ್ರಿ ಎಚ್ಚರವಾಗಿ ಅದೇ ಚಿಂತೆ ತಿರುಗಿ ಬಂದರೆ, "ಹಾಕಿದ್ದು ನಿಜವಲ್ಲ" ಅಂದುಕೊಳ್ಳಬೇಡಿ, ಮತ್ತೆ ಹಾಕಿ. ಸೆರೆಸಿಕ್ಕುವ ಮುಂಚೆ ಗೆತ್ಸೆಮನೆ ತೋಟದಲ್ಲಿ ಯೇಸುವೂ ಒಂದೇ ಮಾತನ್ನು ಮೂರು ಸಲ ಪ್ರಾರ್ಥಿಸಿದನು (ಮತ್ತಾಯ 26:44). ಅರಣ್ಯದಲ್ಲಿ ದೇವರು ದಿನವೂ ಕೊಟ್ಟ ಆಹಾರವಾದ ಮನ್ನವನ್ನೂ ಮರುದಿನಕ್ಕೆ ಎತ್ತಿಟ್ಟರೆ ಹುಳ ಬೀಳುತ್ತಿತ್ತು. ಸಬ್ಬತ್ತಿನ (ವಾರದ ವಿಶ್ರಾಂತಿ ದಿನದ) ಮುಂಚಿನ ದಿನ ಬಿಟ್ಟರೆ ತಲೆಗೊಂದು ಓಮೆರ್ ಅಳತೆ, ಆ ದಿನಕ್ಕಷ್ಟೇ (ವಿಮೋಚನಕಾಂಡ 16). ಪ್ರತಿ ಬೆಳಗೂ ಹೊಸದು ಅನ್ನುವುದರ ಇನ್ನೊಂದು ಮಗ್ಗುಲು ಇದು. ಮುಂದಿನ ವರ್ಷದ ಕೃಪೆ ಇವತ್ತು ರಾತ್ರಿ ಕೈಗೆ ಸಿಗುವುದಿಲ್ಲ, ಅದಕ್ಕೇ ಮುಂದಿನ ವರ್ಷವನ್ನು ನೆನೆದರೆ ಅಷ್ಟು ಭಯವಾಗುತ್ತದೆ.

ಹೊಸ_ಸದಸ್ಯ

ಕೊನೆಯದಾಗಿ ಒಂದು. ಕಷ್ಟದಲ್ಲಿರುವವರನ್ನು ನೋಡಲು ಹೋದಾಗ ಏನು ಹೇಳಬೇಕು? ಅವರು "ನನ್ನಿಂದ ಪ್ರಾರ್ಥನೆ ಮಾಡುವುದಕ್ಕೇ ಆಗುತ್ತಿಲ್ಲ" ಅಂದರೆ?

ಒಲೀವ_ನೆರಳು

ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಕೂತರು (2:13). ಅವರು ಸರಿಯಾಗಿ ಮಾಡಿದ್ದು ಅದೊಂದೇ. ಬಾಯಿ ತೆರೆದ ಮೇಲೆ ಹೇಳಿದ್ದಕ್ಕೆ ದೇವರಿಂದಲೇ ಬೈಸಿಕೊಂಡರು (42:7). ಆದ್ದರಿಂದ ಕಾರಣ ಹುಡುಕಿ ಕೊಡಬೇಡಿ. ಹುಟ್ಟುಕುರುಡನನ್ನು ಕಂಡು "ಯಾರ ಪಾಪ" ಅಂತ ಶಿಷ್ಯರು ಕೇಳಿದಾಗ ಯೇಸು ಆ ಲೆಕ್ಕಕ್ಕೇ ಇಳಿಯಲಿಲ್ಲ (ಯೋಹಾನ 9:3). "ಏನಾದರೂ ಬೇಕಿದ್ದರೆ ಹೇಳಿ" ಅನ್ನುವ ಬದಲು "ಗುರುವಾರ ಸಂಜೆ ಊಟ ತರುತ್ತೇನೆ" ಅನ್ನಿ, ತನ್ನಿ. ಸಾವಿನ ಮನೆಯಲ್ಲಿ ಮೊದಲ ವಾರ ಜನ ತುಂಬಿರುತ್ತಾರೆ. ಮೂರನೇ ತಿಂಗಳು ಯಾರೂ ಇರುವುದಿಲ್ಲ, ಆಗ ಹೋಗಿ.

ಪ್ರಾರ್ಥಿಸಲಾಗದವರಿಗೆ "ಪ್ರಾರ್ಥನೆ ಮಾಡಿ" ಅನ್ನುವುದು ಇನ್ನೊಂದು ಭಾರ. ಮಾರ್ಕ 2:5ರಲ್ಲಿ ಯೇಸು ನೋಡಿದ್ದು ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದವರ ನಂಬಿಕೆಯನ್ನು. ಮಂಚದ ಮೇಲಿದ್ದವನು ಅಲ್ಲಿ ಒಂದು ಮಾತೂ ಆಡಲಿಲ್ಲ. ಪಕ್ಕದಲ್ಲಿ ಕೂತು 13ನೇ ಕೀರ್ತನೆ ನಿಧಾನವಾಗಿ ಓದಿ, ಒಂದು ನಿಮಿಷವೂ ಹಿಡಿಯುವುದಿಲ್ಲ. ಅವರ ಪರವಾಗಿ "ನಾನು" ಅಂತಲೇ ಓದಿ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. ಅವರು ಆಮೆನ್ ಅನ್ನದಿದ್ದರೆ ಕಾಯಿಸಬೇಡಿ, ನೀವೇ ಅನ್ನಿ.